ಮತ್ಸ್ಯಸಾಕಣೆಯ ಷೇರು ಮತ್ತು ಗೃಹಸ್ಥನ ಅಹಿಂಸಾಣುವ್ರತ

ಅಹಿಂಸಾಣುವ್ರತವನ್ನು ಸ್ವೀಕರಿಸಿದ ಗೃಹಸ್ಥನು ಮೀನನ್ನು ಹಿಡಿಯುವುದಿಲ್ಲ, ಕೊಲ್ಲುವುದಿಲ್ಲ, ತಿನ್ನುವುದಿಲ್ಲ, ಮಾರುವುದಿಲ್ಲ. ಇದನ್ನು ನಮ್ಮ ಮನೆಗಳಲ್ಲಿ ಮಕ್ಕಳಿಗೂ ವಿವರಿಸಿ ಹೇಳಬೇಕಾಗಿಲ್ಲ. ಆದರೆ ಅದೇ ಗೃಹಸ್ಥನು ಮೀನು ಅಥವಾ ಸಿಗಡಿ ಸಾಕುವ ಕಂಪನಿಯೊಂದರ ನೂರು ಷೇರುಗಳನ್ನು ಕೊಂಡರೆ ಅವನ ವ್ರತಕ್ಕೆ ಬಾಧೆಯುಂಟೇ, ಇಲ್ಲವೇ? ಈ ಪ್ರಶ್ನೆಗೆ ಅನೇಕರು ತಡವರಿಸುತ್ತಾರೆ. ನಮ್ಮ ಹಿರಿಯರ ಕಾಲದಲ್ಲಿ ಹಣವು ಹೊಲದಲ್ಲಿತ್ತು, ಬಂಗಾರದಲ್ಲಿತ್ತು, ಅಂಗಡಿಯಲ್ಲಿತ್ತು. ಅದು ಏನು ಮಾಡುತ್ತಿದೆಯೆಂಬುದು ಯಜಮಾನನ ಕಣ್ಣಿಗೆ ಕಾಣುತ್ತಿತ್ತು. ಇಂದು ಹಣವು ಡಿಮ್ಯಾಟ್ ಖಾತೆಯಲ್ಲಿ ಒಂದು ಅಂಕಿಯಾಗಿ ಕುಳಿತಿರುತ್ತದೆ. ಅಂಕಿಗೆ ನೆತ್ತರಿನ ಬಣ್ಣವಿಲ್ಲ. ಆದುದರಿಂದಲೇ ಈ ವಿಷಯವನ್ನು ಶಾಸ್ತ್ರದ ಬೆಳಕಿನಲ್ಲಿ ಸ್ವಲ್ಪ ನಿಧಾನವಾಗಿ ಪರಾಮರ್ಶಿಸುವುದು ಉಚಿತವಾಗಿದೆ.

ಆಚಾರ್ಯ ಸಮಂತಭದ್ರಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ಸ್ಥೂಲ ಅಹಿಂಸೆಯ ಲಕ್ಷಣವನ್ನು ಹೇಳುವಾಗ, ತ್ರಸಜೀವಿಗಳನ್ನು ಸಂಕಲ್ಪಪೂರ್ವಕವಾಗಿ ಕೊಲ್ಲದಿರುವುದೆಂದಷ್ಟೇ ಹೇಳಿ ನಿಲ್ಲಿಸುವುದಿಲ್ಲ. ಮನ, ವಚನ, ಕಾಯಗಳೆಂಬ ಮೂರು ಯೋಗಗಳಿಂದಲೂ, ತಾನು ಮಾಡುವುದು, ಮಾಡಿಸುವುದು, ಮಾಡಿದುದನ್ನು ಮೆಚ್ಚುವುದು ಎಂಬ ಮೂರು ಬಗೆಗಳಿಂದಲೂ ವಿರಮಿಸಬೇಕೆಂದು ಅವರು ವಿಧಿಸಿದ್ದಾರೆ. ಕೃತ, ಕಾರಿತ, ಅನುಮೋದನ ಎಂಬ ಈ ಮೂರು ಶಬ್ದಗಳನ್ನು ನಾವು ಪ್ರತಿಕ್ರಮಣದಲ್ಲಿ ದಿನವೂ ಉಚ್ಚರಿಸುತ್ತೇವೆ. ಷೇರುದಾರನು ಕೊಲ್ಲುವವನಲ್ಲ, ನಿಜ. ಅವನು ಉಳಿದೆರಡರಲ್ಲಿ ಎಲ್ಲಿ ನಿಲ್ಲುತ್ತಾನೆ ಎಂಬುದೇ ವಿಚಾರ.

ಅದನ್ನು ತಿಳಿಯಲು ಮೊದಲು ಕೊಳದ ಕೆಲಸವನ್ನು ತಿಳಿಯಬೇಕು. ಭಾರತದ ಸಿಗಡಿ ಸಾಕಣೆಯಲ್ಲಿ ಆಂಧ್ರಪ್ರದೇಶದ ಕರಾವಳಿಯೇ ಮುಂದಿದೆ. 2009ರಲ್ಲಿ ವನ್ನಾಮಿ ಎಂಬ ವಿದೇಶೀ ತಳಿಗೆ ಅನುಮತಿ ದೊರೆತ ಮೇಲೆ ಈ ಉದ್ಯಮವು ಬಹಳ ಬೆಳೆಯಿತು. 2022-23ರಲ್ಲಿ ದೇಶದಿಂದ ರಫ್ತಾದ ಹೆಪ್ಪುಗಟ್ಟಿಸಿದ ಸಿಗಡಿ ಸುಮಾರು 7.11 ಲಕ್ಷ ಟನ್. ಒಂದು ಚದರ ಮೀಟರಿಗೆ 60ರವರೆಗೆ ಮರಿಗಳನ್ನು ಬಿಡಬಹುದೆಂಬುದು ನಿಯಮ. ಎಂದರೆ ಒಂದು ಹೆಕ್ಟೇರಿನ ಕೊಳದಲ್ಲಿ ಆರು ಲಕ್ಷ ಜೀವಗಳು. ಮೂರು ನಾಲ್ಕು ತಿಂಗಳಲ್ಲಿ ಅವು ಇಪ್ಪತ್ತು ಇಪ್ಪತ್ತೈದು ಗ್ರಾಂ ತೂಗಿದಾಗ ಕೊಯ್ಲು. ಒಂದು ಟನ್ನಿಗೆ ನಲವತ್ತರಿಂದ ಐವತ್ತು ಸಾವಿರ ಜೀವಗಳೆಂದು ಯಾರಾದರೂ ಲೆಕ್ಕ ಹಾಕಿಕೊಳ್ಳಬಹುದು. ಸಿಗಡಿಯನ್ನು ಎಷ್ಟು ಇಂದ್ರಿಯಗಳ ಜೀವವೆಂದು ಗಣಿಸಿದರೂ ಅದು ತ್ರಸವೇ. ಮೀನಂತೂ ಪಂಚೇಂದ್ರಿಯ ತಿರ್ಯಂಚ.

ಕೊಯ್ಲಿನ ಮುಂಚೆಯೂ ಅನಂತರವೂ ನಡೆಯುವುದನ್ನು ಕಂಪನಿಯ ವಿಜ್ಞಾಪನಾ ಪತ್ರದಲ್ಲಿ ಹುಡುಕಿದರೆ ಸಿಗಲಾರದು. ಮರಿ ಉತ್ಪಾದನಾ ಕೇಂದ್ರಗಳಲ್ಲಿ ತಾಯಿ ಸಿಗಡಿಯು ಬೇಗ ಮೊಟ್ಟೆಗೆ ಬರಲೆಂದು ಅದರ ಒಂದು ಕಣ್ಣನ್ನು ತೊಟ್ಟಿನೊಡನೆ ಕತ್ತರಿಸುವ ಪದ್ಧತಿಯಿದೆ. ಕಾಟ್ಲಾ, ರೋಹು ಮೊದಲಾದ ಸಿಹಿನೀರಿನ ಮೀನುಗಳ ಕೃತಕ ಪ್ರಜನನವು ನಮ್ಮ ದೇಶದಲ್ಲಿ 1957ರಲ್ಲಿ ಹೀರಾಲಾಲ್ ಚೌಧುರಿಯವರ ಪ್ರಯೋಗದಿಂದ ಯಶಸ್ವಿಯಾಯಿತು. ಜುಲೈ 10ನ್ನು ಅದರ ನೆನಪಿಗಾಗಿಯೇ ಮೀನುಕೃಷಿಕರ ದಿನವೆಂದು ಆಚರಿಸುತ್ತಾರೆ. ಆ ವಿಧಾನದಲ್ಲಿ ಕೊಂದ ಮೀನಿನ ಮಿದುಳಿನ ಬುಡದಲ್ಲಿರುವ ಗ್ರಂಥಿಯ ರಸವನ್ನು ತೆಗೆದು ಜೀವಂತ ಮೀನಿಗೆ ಚುಚ್ಚುತ್ತಿದ್ದರು. ಸಿದ್ಧ ಔಷಧಗಳು ಬಂದುದು ಬಹಳ ವರ್ಷಗಳ ಮೇಲೆ. ಇನ್ನು ಮರಿ ಬಿಡುವ ಮುನ್ನ ಕೊಳದಲ್ಲಿ ತಾನಾಗಿಯೇ ಇರುವ ಬೇಡದ ಮೀನುಗಳನ್ನು ಹಿಪ್ಪೆಯ ಹಿಂಡಿ ಹಾಕಿ ಕೊಲ್ಲುತ್ತಾರೆ. ಫಸಲು ತೆಗೆದ ಬಳಿಕ ನೀರನ್ನೆಲ್ಲ ಹೊರಹಾಕಿ, ಕೆಸರು ಬಿರಿಯುವವರೆಗೆ ಕೊಳವನ್ನು ಒಣಗಿಸಿ, ಸುಣ್ಣ ಎರಚುತ್ತಾರೆ.

ಈ ಕೊನೆಯ ಕೆಲಸಕ್ಕೆ ನಮ್ಮ ಶ್ರಾವಕಾಚಾರಗಳಲ್ಲಿ ಹೆಸರೇ ಇದೆ. ಹದಿಮೂರನೆಯ ಶತಮಾನದ ಪಂಡಿತಪ್ರವರ ಆಶಾಧರರು ಸಾಗಾರಧರ್ಮಾಮೃತದಲ್ಲಿ ಖರಕರ್ಮಗಳನ್ನು, ಅಂದರೆ ಕ್ರೂರವೃತ್ತಿಗಳನ್ನು, ಹೇಳುವಾಗ ಸರಃಶೋಷವನ್ನು, ಕೆರೆಕೊಳಗಳನ್ನು ಬತ್ತಿಸುವುದನ್ನು, ಎಣಿಸಿದ್ದಾರೆ. ಅದೇ ಸಂದರ್ಭದಲ್ಲಿ ಅವರು ಆಡಿರುವ ಇನ್ನೊಂದು ಮಾತು ನನಗೆ ಬಹಳ ಪ್ರಿಯವಾದುದು. ಲೋಕದಲ್ಲಿ ಪಾಪಮಯವಾದ ವೃತ್ತಿಗಳು ಲೆಕ್ಕವಿಲ್ಲದಷ್ಟು ಇರುವುದರಿಂದ ಹದಿನೈದೆಂದು ಪಟ್ಟಿ ಮಾಡುವುದು ಅಷ್ಟು ಸಮಂಜಸವಲ್ಲವೆಂದೂ, ತೀರ ಮಂದಮತಿಗಳಿಗಾಗಿ ಬೇಕಾದರೆ ಹೇಳಬಹುದೆಂದೂ ಅವರ ಅಭಿಪ್ರಾಯ. ಷೇರುಪೇಟೆಯ ಹೆಸರು ಯಾವ ಶಾಸ್ತ್ರದ ಪಟ್ಟಿಯಲ್ಲಿಯೂ ಇಲ್ಲವಲ್ಲ ಎಂದು ವಾದಿಸುವ ವಿದ್ಯಾವಂತರಿಗೆ ಈ ಉತ್ತರ ಸಾಕೆಂದು ತೋರುತ್ತದೆ.

ಆದರೂ ಒಂದು ಆಕ್ಷೇಪವನ್ನು ಗಂಭೀರವಾಗಿ ಎಣಿಸಬೇಕು. ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಮಾತ್ರ ಸಂಪೂರ್ಣವಾಗಿ ಬಿಡಬಲ್ಲನು; ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳು ಅವನಿಗೆ ತಪ್ಪಿದ್ದಲ್ಲ. ರೈತನ ನೇಗಿಲಿನಡಿ ಎಷ್ಟು ಜೀವಗಳು ಸಾಯುವುದಿಲ್ಲ? ಜವಳಿ ಗಿರಣಿಯ ಷೇರು ಆಗಬಹುದಾದರೆ ಮೀನಿನ ಕೊಳದ ಷೇರು ಏಕೆ ಆಗಬಾರದು? ಇದು ಉದ್ಯೋಗೀ ಹಿಂಸೆಯೇ ಅಲ್ಲವೇ? ಈ ಪ್ರಶ್ನೆಯನ್ನು ಕೇಳುವವರೆಲ್ಲರೂ ಲೋಭಿಗಳೆಂದು ತಿಳಿಯಬೇಕಾಗಿಲ್ಲ.

ಇದಕ್ಕೆ ಸಮಾಧಾನವನ್ನು ಹತ್ತನೆಯ ಶತಮಾನದಲ್ಲಿಯೇ ಸೋಮದೇವಸೂರಿಗಳು ಯಶಸ್ತಿಲಕದಲ್ಲಿ ಕೊಟ್ಟಿದ್ದಾರೆ, ಅದೂ ಬೆಸ್ತನನ್ನೂ ರೈತನನ್ನೂ ಅಕ್ಕಪಕ್ಕದಲ್ಲಿ ನಿಲ್ಲಿಸಿ. ಬಲೆ ಬೀಸಿದ ಬೆಸ್ತನು ಆ ದಿನ ಒಂದೂ ಮೀನನ್ನು ಕೊಲ್ಲದಿದ್ದರೂ ಪಾಪಿಯಾಗುತ್ತಾನೆ. ಉಳುವ ರೈತನಿಂದ ಜೀವಗಳು ಸತ್ತರೂ ಅವನು ಆ ಪಾಪಕ್ಕೆ ಭಾಗಿಯಾಗನು. ಭೇದವಿರುವುದು ಅವರ ಅಭಿಧ್ಯಾನದಲ್ಲಿ, ಅಂದರೆ ಚಿತ್ತದ ಗುರಿಯಲ್ಲಿ, ಎಂಬುದು ಅವರ ತಾತ್ಪರ್ಯ. ರೈತನಿಗೆ ಬೇಕಾದುದು ಧಾನ್ಯ. ಜೀವಗಳ ಸಾವು ಅವನಿಗೆ ಲಾಭವಲ್ಲ; ಒಂದು ಹುಳುವೂ ಸಾಯದೆ ಹೊಲ ಉಳಲಾಗುವುದಾದರೆ ಅವನ ಕಣಜಕ್ಕೆ ಕೊರತೆಯಿಲ್ಲ. ಬೆಸ್ತನ ವಿಷಯ ಹಾಗಲ್ಲ. ಜೀವದ ಮರಣವನ್ನು ತೆಗೆದುಬಿಟ್ಟರೆ ಅವನ ಉದ್ಯೋಗದಲ್ಲಿ ಉಳಿಯುವುದು ಏನೂ ಇಲ್ಲ. ಮೀನು ಸಾಕುವ ಕಂಪನಿಯನ್ನು ಈ ಒರೆಗಲ್ಲಿಗೆ ಉಜ್ಜಿ ನೋಡಿ. ಒಂದು ವರ್ಷ ಅದು ಎಲ್ಲ ಮೀನುಗಳನ್ನೂ ಬದುಕಗೊಟ್ಟಿತೆಂದರೆ ಷೇರಿನ ಬೆಲೆ ಏನಾದೀತು? ಆದುದರಿಂದ ಇದು ಉದ್ಯೋಗದಲ್ಲಿ ಸಂಭವಿಸುವ ಹಿಂಸೆಯಲ್ಲ, ಹಿಂಸೆಯೇ ಉದ್ಯೋಗವಾದುದು. ಇಲ್ಲಿ ಹಣ ಹೂಡಿದವನು ಧೀವರನ ಪಕ್ಕದಲ್ಲಿ ನಿಲ್ಲುತ್ತಾನೆಯೇ ಹೊರತು ಕರ್ಷಕನ ಪಕ್ಕದಲ್ಲಿ ಅಲ್ಲ.

ಕಾನೂನು ಬಲ್ಲವರು ಮತ್ತೊಂದು ಮಾತು ಹೇಳುತ್ತಾರೆ: ಕಂಪನಿಯು ಬೇರೆಯೇ ಒಬ್ಬ ವ್ಯಕ್ತಿ, ಕೊಳ ಅದರದು, ಮೀನು ಅದರದು, ಷೇರುದಾರನ ಹೊಣೆ ಅವನು ಹಾಕಿದ ಹಣಕ್ಕೆ ಸೀಮಿತ. ಸರಿ. ಆದರೆ ಸೀಮಿತವಾದುದು ಸಾಲದ ಹೊಣೆ. ಕರ್ಮಬಂಧಕ್ಕೆ ಕಾರಣವಾದುದು ಪರಿಣಾಮ, ಅಂತರಂಗದ ಭಾವ. ಅದಕ್ಕೆ ಕಂಪನಿ ಕಾಯಿದೆ ಅನ್ವಯಿಸುವುದಿಲ್ಲ. ಹೊಸ ಷೇರಿನ ನೀಡಿಕೆಯಲ್ಲಿ ಕೊಂಡವನ ಹಣವು ನೇರವಾಗಿ ಕೊಳ ತೋಡಲು ಹೋಗುತ್ತದೆ, ಅದು ಕಾರಿತವೇ. ಪೇಟೆಯಲ್ಲಿ ಇನ್ನೊಬ್ಬನಿಂದ ಕೊಂಡವನ ಹಣ ಕಂಪನಿಗೆ ಹೋಗುವುದಿಲ್ಲ. ಆದರೆ ಈ ವರ್ಷ ಹೆಚ್ಚು ಟನ್ ಕೊಯ್ಲಾಗಲಿ, ಲಾಭಾಂಶ ಏರಲಿ ಎಂದು ಅವನು ಬಯಸದೆ ಇರಲಾರ. ಅದು ಅನುಮೋದನ. ಇನ್ನೊಂದು ಸಂಗತಿ: ಇಂದಿನ ಲೆಕ್ಕಪತ್ರದ ಮಾನದಂಡಗಳಲ್ಲಿ ಕೊಳದಲ್ಲಿ ಈಜಾಡುತ್ತಿರುವ ಮೀನುಗಳನ್ನು ಜೈವಿಕ ಆಸ್ತಿಯೆಂದು ಬರೆದು ಮಾರಾಟದ ಬೆಲೆಯಿಂದ ಅಳೆಯುತ್ತಾರೆ. ನಮ್ಮ ಆಚಾರ್ಯರು ಚೇತನ ಪರಿಗ್ರಹವೆಂದು ಕರೆದುದನ್ನೇ ಲೆಕ್ಕಿಗರು ಬೇರೆ ಹೆಸರಿನಿಂದ ಕರೆದಿದ್ದಾರೆ. ಪರಿಗ್ರಹಪರಿಮಾಣ ವ್ರತವುಳ್ಳವರು ಇದನ್ನು ಗಮನಿಸಬೇಕು.

ಬಯಕೆಯೊಂದರಿಂದಲೇ ಅಷ್ಟು ಬಂಧವೇ ಎಂದು ಕೇಳುವವರಿಗೆ ತಂದುಲಮತ್ಸ್ಯದ ದೃಷ್ಟಾಂತವನ್ನು ನೆನಪಿಸಬೇಕಾಗುತ್ತದೆ. ಕುಂದಕುಂದಾಚಾರ್ಯರು ಭಾವಪಾಹುಡದಲ್ಲಿ ಶಾಲಿಸಿಕ್ಥವೆಂದು ಸೂಚಿಸಿದ ಮೀನು ಇದೇ. ಸ್ವಯಂಭೂರಮಣ ಸಮುದ್ರದ ಮಹಾಮತ್ಸ್ಯದ ಕಿವಿಯಲ್ಲಿ ಅಕ್ಕಿಯ ಕಾಳಿನಷ್ಟು ಗಾತ್ರದ ಈ ಜೀವ ವಾಸಿಸುತ್ತದೆ. ಬಾಯ್ದೆರೆದು ಮಲಗಿದ ಮಹಾಮತ್ಸ್ಯದ ಬಾಯೊಳಗೆ ಜಲಚರಗಳು ಹೊಕ್ಕು ಹೊರಡುವುದನ್ನು ಕಂಡು, ತನಗೆ ಇಂಥ ಬಾಯಿ ಇದ್ದಿದ್ದರೆ ಒಂದನ್ನೂ ಬಿಡುತ್ತಿರಲಿಲ್ಲವೆಂದು ಅದು ಚಿಂತಿಸುತ್ತದೆ. ಅದು ಒಂದು ಜೀವವನ್ನೂ ನುಂಗಲಿಲ್ಲ. ಆದರೂ ಏಳನೆಯ ನರಕಕ್ಕೆ ಹೋಯಿತು. ದೊಡ್ಡ ಮೀನಿನ ಕಿವಿಯಲ್ಲಿ ಕುಳಿತ ಸಣ್ಣ ಮೀನಿಗಿಂತ ಷೇರುದಾರನಿಗೆ ತಕ್ಕ ಉಪಮೆ ನನಗೆ ತೋರಲಿಲ್ಲ.

ವ್ರತೋಪವಾಸಗಳನ್ನು ನಿಷ್ಠೆಯಿಂದ ಪಾಲಿಸುವ ಮನೆಗಳಿಗೆ ಈ ವಿಷಯವು ಇನ್ನೂ ಹತ್ತಿರದ್ದು. ನೀರನ್ನು ಸೋಸಿ ಕುಡಿಯುವುದಷ್ಟೇ ಅಲ್ಲದೆ, ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಗಳನ್ನು ಯಾವ ಬಾವಿಯ ನೀರೋ ಆ ಬಾವಿಗೇ ಮರಳಿ ಬಿಡುವ ವಿಧಿಯನ್ನು ನಮ್ಮ ತಾಯಂದಿರು ತಲೆತಲಾಂತರದಿಂದ ನಡೆಸಿಕೊಂಡು ಬಂದಿದ್ದಾರೆ. ಕಣ್ಣಿಗೆ ಕಾಣದ ಜೀವಕ್ಕೆ ಅದರ ನೀರನ್ನೇ ಹಿಂತಿರುಗಿಸುವ ಮನೆಯ ಕಪಾಟಿನಲ್ಲಿ, ಆರು ಲಕ್ಷ ಜೀವಗಳ ನೀರನ್ನು ಬಸಿಯುವ ಉದ್ಯಮದ ಪತ್ರ ಇರಬಹುದೇ? ಅಷ್ಟಮಿ ಚತುರ್ದಶಿಗಳ ಪ್ರೋಷಧೋಪವಾಸದಲ್ಲಿ ಆಹಾರತ್ಯಾಗದೊಡನೆ ಆರಂಭತ್ಯಾಗವೂ ವಿಹಿತವಾಗಿದೆ. ಅಂಗಡಿಯಿದ್ದವನು ಆ ದಿನ ಬಾಗಿಲು ಹಾಕಬಲ್ಲನು, ಹೊಲವಿದ್ದವನು ನೇಗಿಲನ್ನು ಬಿಚ್ಚಿಡಬಲ್ಲನು. ಷೇರಿಗೆ ಹಾಕುವ ಬಾಗಿಲಿಲ್ಲ. ಯಜಮಾನನು ಬಸದಿಯಲ್ಲಿ ಸಾಮಾಯಿಕಕ್ಕೆ ಕುಳಿತಿರುವಾಗಲೂ ಕಾಕಿನಾಡದ ಕಡೆಯ ಯಾವುದೋ ಕೊಳದಲ್ಲಿ ಅವನ ಪಾಲಿನ ಬಲೆ ಎಳೆಯುತ್ತಲೇ ಇರುತ್ತದೆ.

ಸಾಕಣೆಯು ಹೆಚ್ಚಿದಂತೆ ಕಡಲಿನ ಮೀನು ಉಳಿಯುತ್ತದೆ, ಆದ್ದರಿಂದ ಇದು ಅಲ್ಪಹಿಂಸೆ ಎಂಬ ವಾದವೂ ಕೇಳಿಬರುತ್ತದೆ. 2022ರಲ್ಲಿ ಜಗತ್ತಿನ ಸಾಕಣೆಯ ಉತ್ಪನ್ನವು 9.44 ಕೋಟಿ ಟನ್ ತಲುಪಿ ಮೊದಲ ಬಾರಿಗೆ ಹಿಡಿದ ಮೀನನ್ನು ಮೀರಿತು. ಆದರೆ ಸಿಗಡಿಗೆ ಹಾಕುವ ಮೇವಿನಲ್ಲಿ ಮೀನಿನ ಪುಡಿ ಸೇರುತ್ತದೆ. ನಮ್ಮ ದಕ್ಷಿಣ ಕನ್ನಡ, ಉಡುಪಿಗಳ ಕರಾವಳಿಯಲ್ಲಿ ಬೂತಾಯಿ ಮೊದಲಾದ ಸಣ್ಣ ಮೀನುಗಳನ್ನು ಒಣಗಿಸಿ ಪುಡಿಯನ್ನೂ ಎಣ್ಣೆಯನ್ನೂ ತೆಗೆಯುವ ಕಾರ್ಖಾನೆಗಳು ಇರುವುದನ್ನು ಆ ಕಡೆಯ ಶ್ರಾವಕರು ವಾಸನೆಯಿಂದಲೇ ಬಲ್ಲರು. ಕೊಳದ ಜೀವವು ಕಡಲಿನ ಜೀವವನ್ನು ತಿಂದು ಬೆಳೆಯುತ್ತದೆ.

ನಾನು ಕೊಳ್ಳದಿದ್ದರೂ ಬೇರೆಯವರು ಕೊಳ್ಳುತ್ತಾರೆಂಬುದು ಎಲ್ಲಕ್ಕಿಂತ ಸುಲಭವಾದ ಮಾತು. ಮೃಗಸೇನ ಧೀವರನ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಬಲೆಗೆ ಮೊದಲು ಬಿದ್ದ ಮೀನನ್ನು ಬಿಡುತ್ತೇನೆಂದು ಅವನು ಮುನಿಗಳಲ್ಲಿ ವ್ರತ ತೆಗೆದುಕೊಂಡನು. ಮೊದಲ ಮೀನಿಗೆ ಗುರುತು ಕಟ್ಟಿ ಬಿಟ್ಟನು. ಅದೇ ಮೀನು ಐದು ಸಲ ಬಲೆಗೆ ಬಿತ್ತು. ಐದು ಸಲವೂ ಬಿಟ್ಟು ಬರಿಗೈಯಲ್ಲಿ ಮನೆಗೆ ಬಂದನು. ಹೆಂಡತಿ ಬಾಗಿಲು ತೆರೆಯಲಿಲ್ಲ. ಹೊರಗೆ ಮಲಗಿದ್ದಾಗ ಹಾವು ಕಚ್ಚಿ ಸತ್ತನು. ಮರುಜನ್ಮದಲ್ಲಿ ಐದು ಸಲ ಮೃತ್ಯುವಿನಿಂದ ಪಾರಾದನು. ಆ ನದಿಯಲ್ಲಿ ಬೇರೆ ಬೆಸ್ತರಿರಲಿಲ್ಲವೇ? ತಾನು ಬಿಟ್ಟ ಮೀನನ್ನು ನಾಳೆ ಇನ್ನೊಬ್ಬನು ಹಿಡಿಯಬಹುದೆಂಬುದು ಅವನಿಗೂ ತಿಳಿದಿತ್ತು. ಅವನಿಗೆ ಅಂದಿನ ಊಟ ಆ ಮೀನಿನಲ್ಲಿತ್ತು. ಷೇರು ಕೊಳ್ಳುವವನ ಊಟ ಆಗಲೇ ಮುಗಿದಿರುತ್ತದೆ. ಅವನು ತೊಡಗಿಸುವುದು ಉಳಿದ ಹಣವನ್ನು. ಜೀವನೋಪಾಯಕ್ಕಾಗಿ ಬಲೆ ಬೀಸುವ ಬಡವನಿಗಿಂತ ಇವನಿಗೆ ಕಾರಣ ಕಡಮೆಯಲ್ಲವೇ?

ಇನ್ನು ತರತಮದ ಮಾತು. ಸಿಗಡಿಯ ಮೇವನ್ನು ತಯಾರಿಸುವ, ಸಂಸ್ಕರಿಸಿ ಹೆಪ್ಪುಗಟ್ಟಿಸುವ ಕಂಪನಿಗಳ ಷೇರು, ಡಿಬೆಂಚರುಗಳು ಸಾಕಣೆಯ ಷೇರಿಗೆ ಸಮಾನವೆಂದೇ ನನ್ನ ಅಭಿಮತ. ಅನೇಕ ಕಂಪನಿಗಳನ್ನು ಒಳಗೊಂಡ ಮ್ಯೂಚುಯಲ್ ಫಂಡಿನಲ್ಲಿ ಇಂಥದೊಂದು ಅಲ್ಪಭಾಗವಿದ್ದು ಹೂಡಿದವನಿಗೆ ತಿಳಿಯದಿದ್ದರೆ ದೋಷ ಅಲ್ಪ. ಆದರೆ ಫಂಡುಗಳು ತಮ್ಮ ಹೂಡಿಕೆಯ ಪಟ್ಟಿಯನ್ನು ತಿಂಗಳು ತಿಂಗಳೂ ಪ್ರಕಟಿಸುತ್ತವೆ, ನೋಡದಿರುವುದನ್ನು ಅಜ್ಞಾನವೆನ್ನಲಾಗದು, ಪ್ರಮಾದವೆನ್ನಬೇಕು. ಬ್ಯಾಂಕಿನ ಠೇವಣಿದಾರನಿಗೆ ಆಯ್ಕೆಯೂ ಇಲ್ಲ, ಅರಿವೂ ಇಲ್ಲ. ಅವನನ್ನು ಈ ವಿಚಾರದಲ್ಲಿ ಎಳೆದು ತರುವುದು ಅತಿಯಾಗುತ್ತದೆ. ಆದರೆ ಸ್ವಂತ ಜಮೀನನ್ನು ಮೀನಿನ ಕೊಳಕ್ಕೆ ಗೇಣಿ ಕೊಡುವುದು ಸ್ಪಷ್ಟವಾದ ಕಾರಿತ. ಬಂಧುಗಳಿಗೆ ಇಂಥ ಷೇರನ್ನು ಕೊಳ್ಳಿರೆಂದು ಸಲಹೆ ಕೊಡುವುದು ಅನರ್ಥದಂಡದಲ್ಲಿ ಹೇಳಿದ ಪಾಪೋಪದೇಶ. ಲಾಭವೂ ಇಲ್ಲದೆ ಬಂಧವನ್ನು ಕಟ್ಟಿಕೊಂಡಂತೆ.

ಈಗಾಗಲೇ ಕೊಂಡವರು, ಮಾರಿದರೆ ಪಾಪವನ್ನು ಇನ್ನೊಬ್ಬನಿಗೆ ದಾಟಿಸಿದಂತಾಗದೇ ಎಂದು ಹಿಂಜರಿಯುವುದುಂಟು. ಕೊಳ್ಳುವವನು ತನ್ನ ಭಾವಕ್ಕೆ ತಾನೇ ಹೊಣೆ. ಬಿಡುವವನ ಕೆಲಸ ಬಿಡುವುದು. ಬೆಲೆ ಏರಲೆಂದು ಕಾಯುತ್ತಾ ಕೂರುವುದು ಮಾತ್ರ ತ್ಯಾಗವಲ್ಲ. ಮೂಲಧನವನ್ನು ಹಿಂತೆಗೆದುಕೊಳ್ಳುವುದರಲ್ಲಿ ಬಾಧೆ ಕಾಣುವುದಿಲ್ಲ. ಅದರ ಮೇಲೆ ಬಂದ ಲಾಭವನ್ನು ಮುನಿಗಳ ಆಹಾರದಾನಕ್ಕಾಗಲಿ ಜಿನಾಭಿಷೇಕಕ್ಕಾಗಲಿ ಉಪಯೋಗಿಸದಿರುವುದು ಲೇಸು, ಏಕೆಂದರೆ ನ್ಯಾಯೋಪಾತ್ತ ಧನವೇ ಗೃಹಸ್ಥನ ಮೊದಲ ಗುಣವೆಂದು ಆಶಾಧರರು ಹೇಳಿದ್ದಾರೆ. ಪಿಂಜರಾಪೋಲಿನ ಮೂಕಪ್ರಾಣಿಗಳ ಮೇವಿಗೆ, ಔಷಧಕ್ಕೆ ಅದನ್ನು ಕೊಡಬಹುದು. ವ್ರತವಾಗಿ ಸ್ವೀಕರಿಸಬಯಸುವವರು ಭಾದ್ರಪದ ಶುಕ್ಲ ಪಂಚಮಿಯಂದು, ದಶಲಕ್ಷಣ ಪರ್ವದ ಆರಂಭದಲ್ಲಿ, ಗುರುಸಾಕ್ಷಿಯಾಗಿ, ಅವರು ದೊರೆಯದಿದ್ದರೆ ಜಿನಬಿಂಬದ ಮುಂದೆ, ತ್ರಸಜೀವಿಗಳ ಮರಣವೇ ಆದಾಯವಾಗಿರುವ ಯಾವ ಉದ್ಯಮದಲ್ಲಿಯೂ ಹಣ ತೊಡಗಿಸುವುದಿಲ್ಲವೆಂದು ನಿಯಮ ತೆಗೆದುಕೊಳ್ಳಬಹುದು. ಯಾವಜ್ಜೀವ ಯಮವಾಗಿ ತೆಗೆದುಕೊಳ್ಳಲು ಧೈರ್ಯ ಸಾಲದವರು ಒಂದು ವರ್ಷದ ಅವಧಿಗೆ ತೆಗೆದುಕೊಳ್ಳಲಿ. ಮಾರ್ಚ್ ತಿಂಗಳಲ್ಲಿ ಲೆಕ್ಕ ಮುಗಿಸುವಾಗ, ಮನೆಯ ಯಾರ ಯಾರ ಹೆಸರಿನಲ್ಲಿ ಏನೇನು ಇದೆಯೆಂಬುದನ್ನು ಒಮ್ಮೆ ಎಲ್ಲರೂ ಕುಳಿತು ಓದಲಿ.