ಅರ್ಧ ಸೆಕೆಂಡಿನ ವಿಳಂಬ

ಪ್ರೋಗ್ರಾಂ ಬರೆಯುವ ಕಸುಬಿನವನಾದ ನನ್ನನ್ನು ಮಿತ್ರರು ಕೃತಕ ಬುದ್ಧಿಯ ಸುದ್ದಿಯನ್ನೇ ಕೇಳುತ್ತಾರೆ. ನನಗಾದರೋ 2024ರ ಮಾರ್ಚ್ ತಿಂಗಳ ಒಂದು ಸಂಗತಿ ಹೆಚ್ಚು ವಿಚಾರಯೋಗ್ಯವೆಂದು ತೋರುತ್ತದೆ.

'ಎಕ್ಸ್‌ಝಡ್' ಎಂಬುದು ಕಡತಗಳನ್ನು ಅಡಕಗೊಳಿಸತಕ್ಕ ಸಣ್ಣ ಸಲಕರಣೆ. ಲಿನಕ್ಸ್ ನಡೆಸುವ ಬಹುಪಾಲು ಯಂತ್ರಗಳಲ್ಲಿ ಇದು ಇದೆ. ಬಹುಕಾಲ ಇದನ್ನು ನೋಡಿಕೊಂಡವರು ಲಾಸ್ಸೆ ಕಾಲಿನ್ ಒಬ್ಬರೇ; ಅದೂ ಸಂಬಳವಿಲ್ಲದೆ, ಬಿಡುವಿನ ವೇಳೆಯಲ್ಲಿ. ದಣಿದಿದ್ದ ಅವರಿಗೆ 'ಜಿಯಾ ಟ್ಯಾನ್' ಎಂಬ ಹೆಸರಿನ ಯಾರೋ ಎರಡು ವರ್ಷಕ್ಕೂ ಮಿಕ್ಕಿ ನೆರವಾಗಿ, ವಿಶ್ವಾಸ ಗಳಿಸಿ, ಕೊನೆಗೆ 5.6.0ನೆಯ ಆವೃತ್ತಿಯಲ್ಲಿ ಕಳ್ಳಬಾಗಿಲನ್ನಿರಿಸಿದರು. ಗುಪ್ತ ಕೀಲಿಯುಳ್ಳವನು ದೂರದಿಂದಲೇ ಯಂತ್ರವನ್ನು ವಶಪಡಿಸಿಕೊಳ್ಳಬಹುದಾಗಿತ್ತು.

ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರು, ಲಾಗಿನ್ ಆಗುವುದು ಸುಮಾರು ಅರ್ಧ ಸೆಕೆಂಡು ತಡವಾಗುವುದೇಕೆಂದು ಬೆನ್ನುಹತ್ತಿ ಇದನ್ನು ಬಯಲಿಗೆಳೆದರು. ಅರ್ಧ ಸೆಕೆಂಡು! ನಮ್ಮಂಥವರಾದರೆ ಕಾಫಿ ಹೀರುತ್ತ ಸುಮ್ಮನಿರುತ್ತಿದ್ದೆವು.

ಮೂಲಪಾಠ ಎಲ್ಲರಿಗೂ ತೆರೆದಿದ್ದರೆ ಮೋಸ ನಿಲ್ಲದೆಂಬುದು ಕಸುಬಿನವರ ನಂಬುಗೆ. ತೆರೆದಿತ್ತು ಸರಿ, ಓದುವವರು ಬೇಡವೆ? ವಂಚನೆಯ ಬಹುಭಾಗ ಯಾರೂ ಇಣುಕದ ಪರೀಕ್ಷಾ ಕಡತಗಳಲ್ಲಿ ಅಡಗಿತ್ತು. ಇಂದು ಯಂತ್ರವೇ ಕ್ಷಣಮಾತ್ರದಲ್ಲಿ ಪ್ರೋಗ್ರಾಂ ಬರೆದುಕೊಡುತ್ತದೆ; ಅದೂ ಇಂಥ ಉಚಿತ ಸಲಕರಣೆಗಳನ್ನೇ ಆಶ್ರಯಿಸುತ್ತದೆ. ಆದುದರಿಂದ ಹೊಸದೊಂದು ಪರಿಕರ ಕೈಗೆ ಬಂದರೆ, ಅದನ್ನು ಕಾಯುವವರೆಷ್ಟು ಮಂದಿ, ಅವರ ಜೀವನೋಪಾಯವೇನು ಎಂದು ನಾನು ಮೊದಲು ನೋಡುತ್ತೇನೆ. ಕಾಲಿನ್ ಅವರು ಕಳ್ಳಬಾಗಿಲನ್ನು ತೆಗೆದು, ಅದೇ ವರ್ಷದ ಮೇ ತಿಂಗಳಲ್ಲಿ 5.6.2ನೆಯ ಆವೃತ್ತಿಯನ್ನು ಹೊರತಂದರು.