ಶ್ರಮದಾನವೋ, ಬಿಟ್ಟಿಯೋ?



ಕನಕಪುರ ರಸ್ತೆಯ ಕಡೆ ಬೌದ್ಧ ಟ್ರಸ್ಟೊಂದರ ತೋಟವಿದೆ. ಭಾನುವಾರ ಬನಶಂಕರಿಯಿಂದ ಆರು ಜನ ಹೋಗಿ ಪಾತಿ ಅಗೆದೆವು, ಹಳೇ ಧ್ಯಾನಮಂದಿರದ ಗೋಡೆ ಕೆರೆದು ಸುಣ್ಣ ಬಳಿದೆವು.

ಹಿಂದಿನ ರಾತ್ರಿ ಅಪ್ಪ ಕೇಳಿದ್ದರು: “ನಿಮ್ಮಜ್ಜ ತೋಟಿಯಾಗಿ ಊರಿಗೆಲ್ಲ ಬಿಟ್ಟಿ ದುಡಿದ್ರು. ಈಗ ನೀನೂ ದುಡ್ಡಿಲ್ಲದೆ ಗುದ್ದಲಿ ಹಿಡೀತೀಯಾ?” ಉತ್ತರ ಹೊಳೆಯಲಿಲ್ಲ. ಇಂಥ ವಂಶಪಾರಂಪರ್ಯ ಚಾಕರಿಯ ಹಿಡಿತ ಸಡಿಲಿಸಲೆಂದೇ ಬಾಬಾಸಾಹೇಬರು 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ವತನ ಮಸೂದೆ ತಂದದ್ದು. ನಮ್ಮ ರಾಜ್ಯದಲ್ಲಿ ತೋಟಿ, ತಳವಾರಿಕೆ ರದ್ದಾಗಲು 1961ರ ಕಾಯ್ದೆ ಬರಬೇಕಾಯಿತು.

ವಿಹಾರ ಕಟ್ಟುವ, ದುರಸ್ತಿ ಮಾಡುವ ಕೆಲಸವನ್ನು ವಿನಯಪಿಟಕ ‘ನವಕಮ್ಮ’ ಎನ್ನುತ್ತದೆ. ಭಿಕ್ಖುಗಳು ನೆಲ ಅಗೆಯಬಾರದೆಂಬ ನಿಯಮವೂ ಅಲ್ಲೇ ಇದೆ. ಹಾಗಾಗಿ ಗುದ್ದಲಿ ಉಪಾಸಕರದೇ. ಯಾವ ಉಪಾಸಕರದು ಎಂಬುದೇ ನನ್ನ ಪ್ರಶ್ನೆಯಾಗಿತ್ತು.

ಪಾಯಿಖಾನೆ ತೊಳೆಯಲು ಚೀಟಿ ಎತ್ತಿದೆವು. ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿರುವ ಅಣ್ಣನಿಗೆ ಬಂತು, ಮಾತಾಡದೆ ಪೊರಕೆ ತಗೊಂಡರು. ಗಾರೆಯವರಿಗೆ ಪೂರ್ತಿ ಕೂಲಿ ಕೊಟ್ಟರೇ ಎಂದೂ ಕೇಳಿದೆ; ಕೊಟ್ಟಿದ್ದರು.

ಮನೆಗೆ ಬಂದು ಹೇಳಿದೆ. ಅಪ್ಪ ಒಂದೇ ಕೇಳಿದರು: “ಮುಂದಿನ ವಾರ ಬರಲ್ಲ ಅಂದ್ರೆ?”

“ಯಾರೂ ಏನೂ ಅನ್ನಲ್ಲಪ್ಪ.”

“ನಿಮ್ಮಜ್ಜನಿಗೆ ಹಾಗನ್ನೋಕೆ ಆಗ್ತಿರಲಿಲ್ಲ” ಎಂದು ಸುಮ್ಮನಾದರು.

ಈ ಭಾನುವಾರ ಬರುವವರು ಹಳೇ ಬಟ್ಟೆ ತನ್ನಿ.