ಈ ದಸರೆಗೆ ಬೊಂಬೆ ನಿಮ್ಮ ಮಗುವೇ ಮಾಡಲಿ: ಗೆಲ್ಲಲು 6 ಸೂತ್ರಗಳು

ನವರಾತ್ರಿ ಬಂದರೆ ಮೈಸೂರಿನ ಮನೆಗಳಲ್ಲಿ ಬೊಂಬೆ ಕೂರಿಸುವ ಸಂಭ್ರಮ. ಈ ವರ್ಷ ಅಂಗಡಿಯಿಂದ ತಂದ ಸೆಟ್ ಪಕ್ಕದಲ್ಲಿ ನಿಮ್ಮ ಮಗು ಮಾಡಿದ ಒಂದು ಮಣ್ಣಿನ ಬೊಂಬೆಯೂ ಇರಲೇಬೇಕು. ಆಫೀಸ್, ಟ್ಯೂಷನ್ ಎಂಬ ನೆಪ ಬೇಡ. ಎರಡು ಭಾನುವಾರ ಸಾಕು.

1. ಡೆಡ್‌ಲೈನ್ ಮೊದಲು ಬರೆಯಿರಿ. ಗಣೇಶ ಚೌತಿ ಮುಗಿದ ವಾರವೇ ಶುರು ಮಾಡಿ. ಮಳೆಗಾಲದ ಗಾಳಿಯಲ್ಲಿ ಮಣ್ಣು ಒಣಗಲು ವಾರವೇ ಹಿಡಿಯಬಹುದು. ಪಾಡ್ಯ ನಿಮಗಾಗಿ ಕಾಯುವುದಿಲ್ಲ.

2. ‘ನನಗೆ ಆರ್ಟ್ ಬರಲ್ಲ’ ಅನ್ನುವುದನ್ನು ಇವತ್ತೇ ಬಿಡಿ. ಅದು ಬರೀ ಅಭ್ಯಾಸಬಲ. ಚೌತಿಗೆ ಮುಂಚೆ ಮಗುವನ್ನು ಕುಂಬಾರಗೇರಿಗೆ ಕರೆದೊಯ್ಯಿರಿ. ಗಣಪತಿ ಮಾಡುವವರ ಬೆರಳು ಹೇಗೆ ಓಡುತ್ತದೆ, ಮಣ್ಣಿನ ಹದ ಎಷ್ಟು, ನಿಂತು ನೋಡಿ. ಸಂಕೋಚ ಬಿಟ್ಟು ಕೇಳಿ.

3. ಸರಿಯಾದ ಪ್ರಾಜೆಕ್ಟ್ ಆರಿಸಿ. ಮಕ್ಕಳು ಮೊದಲು ಕೇಳುವುದು ಅಂಬಾರಿ ಆನೆಯನ್ನೇ. ಅದು ಮುಂದಿನ ವರ್ಷಕ್ಕಿರಲಿ: ಸೊಂಡಿಲು ಜೋತುಬಿದ್ದು ಮುರಿಯುತ್ತದೆ, ಮೈಭಾರಕ್ಕೆ ಹಸಿ ಕಾಲು ಕುಸಿಯುತ್ತದೆ. ಮೊದಲ ಬೊಂಬೆ ಚಾಮುಂಡಿ ಬೆಟ್ಟದ ನಂದಿ ಆಗಲಿ. ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ, 17ನೇ ಶತಮಾನದಲ್ಲಿ, ಒಂದೇ ಬಂಡೆಯಲ್ಲಿ ಕಡೆದ ಮೂರ್ತಿ ಅದು. ಕಾಲು ಮಡಚಿ ಕೂತಿದೆ, ಮುರಿಯುವಂಥದ್ದು ಹೊರಗೆ ಚಾಚಿಲ್ಲ. ಅಂಗೈಯಗಲದ ಉಂಡೆಯಿಂದ ಮೈ ಮಾಡಿಸಿ. ತಳದಿಂದ ಚಮಚದಲ್ಲಿ ಒಳಗಿನ ಮಣ್ಣು ತೆಗೆಯಿರಿ. ದಪ್ಪ ಗಟ್ಟಿ ಉಂಡೆ ಹೊರಗೆ ಬೇಗ, ಒಳಗೆ ತಡವಾಗಿ ಒಣಗಿ ಬಿರುಕು ಬಿಡುತ್ತದೆ. ಕೊಂಬು, ಕಿವಿ, ಗೆಜ್ಜೆಸರ ಮಗುವಿನ ಇಷ್ಟದಂತೆ.

4. ಜೋಡಣೆಯಲ್ಲಿ ಶಾರ್ಟ್‌ಕಟ್ ಬೇಡ. ಎರಡೂ ಕಡೆ ಕಡ್ಡಿಯಿಂದ ಗೀರಿ, ನೀರುಮಣ್ಣು ಸವರಿ, ಒತ್ತಿ ಹಿಡಿಯಿರಿ. ಸುಮ್ಮನೆ ಅಂಟಿಸಿದ ಕಿವಿ ಒಣಗಿದ ಕೂಡಲೇ ಉದುರುತ್ತದೆ.

5. ನೆರಳಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಸೀಳುತ್ತದೆ. ಪೂರ್ತಿ ಒಣಗಿದ ಮೇಲೆ ಪೋಸ್ಟರ್ ಕಲರ್ ಹಚ್ಚಲಿ. ಕಣ್ಣು ಸೊಟ್ಟಗಾದರೂ ನೀವು ತಿದ್ದಬೇಡಿ. ದೊಡ್ಡವರು ತಿದ್ದಿದ ಬೊಂಬೆಯನ್ನು ಮಗು ತನ್ನದು ಎನ್ನುವುದಿಲ್ಲ, ನನಗಂತೂ ಇದೇ ಎಲ್ಲಕ್ಕಿಂತ ಮುಖ್ಯ ಸೂತ್ರ.

6. ಪ್ರೆಸೆಂಟೇಶನ್ ಮಗುವೇ ಕೊಡಲಿ. ಮೇಲಿನ ಮೆಟ್ಟಿಲು ಪಟ್ಟದ ಬೊಂಬೆಗಳಿಗೆ. ನಂದಿಗೆ ಮಗುವಿನ ಕಣ್ಣಳತೆಯ ಮೆಟ್ಟಿಲು. ಸಂಜೆ ಆರತಿಗೆ ಬಂದ ಅಕ್ಕಪಕ್ಕದ ಮಕ್ಕಳಿಗೆ ಅದನ್ನು ಮಾಡಿದ ಬಗೆ ಮಗುವೇ ಹೇಳಲಿ. ಹಬ್ಬ ಮುಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಸುಡದ ಮಣ್ಣು ನೀರಿಗೆ ಕರಗುತ್ತದೆ. ಪೇಪರ್‌ನಲ್ಲಿ ಸುತ್ತಿ, ಡಬ್ಬದ ಮೇಲೆ ಮಗುವಿನ ಹೆಸರು ಮತ್ತು ಇಸವಿ ಬರೆದಿಡಿ.